ಕತ್ತರಿಗೆ ಐದು ನಕ್ಷತ್ರ, ಬೈಂಡಿಂಗಿಗೆ ಎರಡು

ನಾಜಿಗಳನ್ನು ಚಿತ್ರಗಳಲ್ಲೇ ಲೇವಡಿ ಮಾಡಿದ ಜರ್ಮನ್ ಕಲಾವಿದ ಜಾನ್ ಹಾರ್ಟ್‌ಫೀಲ್ಡ್‌ರ ಫೋಟೊಮಾಂಟಾಜ್‌ಗಳ (ಫೋಟೊಗಳನ್ನು ಕತ್ತರಿಸಿ ಅಂಟಿಸಿ ಮಾಡಿದ ಚಿತ್ರಗಳು) ದಪ್ಪ ಸಂಪುಟ ತರಿಸಿಕೊಂಡೆ. ಕಾಗದಕ್ಕೆ ಹೊಳಪಿಲ್ಲ, ಅದೇ ಒಳ್ಳೆಯದಾಯಿತು. ಈ ಚಿತ್ರಗಳು ಬಂದ ಎಐಝಡ್ ಎಂಬ ಜರ್ಮನ್ ಕಾರ್ಮಿಕರ ಸಚಿತ್ರ ವಾರಪತ್ರಿಕೆಯ ಗ್ರಾವ್ಯೂರ್ (ಕೊರೆದ ಅಚ್ಚಿನ) ಮುದ್ರಣದ ಕಂದು ಛಾಯೆ ಚೆನ್ನಾಗಿ ಉಳಿದಿದೆ.

1935ರ ‘ಬೆಣ್ಣೆ ಮುಗಿಯಿತು’ ಚಿತ್ರವನ್ನೇ ನೋಡಿ. ದೇಶ ಬಲವಾಗಲು ಬೆಣ್ಣೆಗಿಂತ ಕಬ್ಬಿಣ ಬೇಕು ಎಂಬರ್ಥದ ನಾಜಿ ನಾಯಕ ಗೋರಿಂಗ್ ಭಾಷಣವನ್ನು ಹಾರ್ಟ್‌ಫೀಲ್ಡ್ ಅಕ್ಷರಶಃ ತೆಗೆದುಕೊಂಡರು. ಮನೆಮಂದಿಯೆಲ್ಲ ಊಟದ ಮೇಜಿಗೆ ಕೂತು ಕಬ್ಬಿಣ ಜಗಿಯುತ್ತಿದ್ದಾರೆ. ಕೂಸಿನ ಬಾಯಲ್ಲಿ ಕೊಡಲಿ, ನಾಯಿಗೆ ದೊಡ್ಡದೊಂದು ನಟ್ಟು, ಗೋಡೆಯ ಕಾಗದದ ತುಂಬ ಸ್ವಸ್ತಿಕ. ನಗು ಬರುತ್ತದೆ, ಆಮೇಲೆ ಹೊಟ್ಟೆ ತೊಳಸುತ್ತದೆ. 1932ರ ಎಕ್ಸ್‌ರೇ ಚಿತ್ರದಲ್ಲಿ ಹಿಟ್ಲರನ ಬೆನ್ನುಮೂಳೆಯೇ ನಾಣ್ಯಗಳ ಸಾಲು. ಅಂಟಿಸಿದ ಅಂಚು ಹುಡುಕಿದರೂ ಸಿಗದು.

ಜೀವನಚರಿತ್ರೆಯ ಭಾಗ ತೆಳು. 1891ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಹೆಲ್ಮುಟ್ ಹೆರ್ಜ್‌ಫೆಲ್ಡ್, ಮೊದಲ ಮಹಾಯುದ್ಧದ ನಡುವೆ ಇಂಗ್ಲಿಷರ ಮೇಲಿನ ದ್ವೇಷಪ್ರಚಾರಕ್ಕೆ ಸಡ್ಡು ಹೊಡೆದು ಜಾನ್ ಹಾರ್ಟ್‌ಫೀಲ್ಡ್ ಎಂಬ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡರು (ಎಂಥ ಧೈರ್ಯ!). 1933ರಲ್ಲಿ ಪ್ರಾಗ್‌ಗೆ, 1938ರಲ್ಲಿ ಇಂಗ್ಲೆಂಡಿಗೆ ಪಲಾಯನ. ಅಲ್ಲೂ ಕೆಲಕಾಲ ಬಂಧನ. ಮುಂದೆ ಪೂರ್ವ ಜರ್ಮನಿಗೆ ಮರಳಿದರು, 1968ರಲ್ಲಿ ತೀರಿಕೊಂಡರು. ಇಷ್ಟೆಲ್ಲ ನಾಲ್ಕೇ ಪುಟದಲ್ಲಿ!

ಸಿಟ್ಟು ತರಿಸಿದ್ದು ಬೈಂಡಿಂಗ್. ಎರಡು ಪುಟಕ್ಕೆ ಹರಡಿದ ಚಿತ್ರಗಳ ನಡುಭಾಗ ಮಡಿಕೆಯಲ್ಲಿ ಮುಳುಗಿಹೋಗಿದೆ. ಜರ್ಮನ್ ಶೀರ್ಷಿಕೆಗಳ ಅನುವಾದ ಕೊನೆಯಲ್ಲಿ, ಅದೂ ಇರುವೆ ಗಾತ್ರದ ಅಕ್ಷರದಲ್ಲಿ. ವ್ಯಂಗ್ಯದ ಅರ್ಧ ಜೀವ ಶೀರ್ಷಿಕೆಯಲ್ಲಿದೆ ಸ್ವಾಮಿ, ಅದನ್ನು ಚಿತ್ರದ ಕೆಳಗೇ ಹಾಕಬಾರದಿತ್ತೇ? ಚಿತ್ರಗಳಿಗಾಗಿ ಕೊಳ್ಳಿ, ಬದುಕಿನ ಕಥೆಗೆ ಬೇರೆ ಪುಸ್ತಕ ನೋಡಿಕೊಳ್ಳಿ.