ಒಂದೇ ರಾಕ್ ಫಾಸ್ಫೇಟ್, ಮೂರು ಥರದ ನೊರೆ

ಶಿರಸಿಯ ನಮ್ಮ ತೋಟಕ್ಕೆ ತಂದ ರಾಕ್ ಫಾಸ್ಫೇಟಿನಲ್ಲಿ (ಗೊಬ್ಬರಕ್ಕೆ ಹಾಕುವ ಕಲ್ಲಿನ ಪುಡಿ) ಎರಡು ಕೆಜಿ ಎತ್ತಿಟ್ಟುಕೊಂಡೆ, ಅದರೊಳಗಿನ ಫಾಸ್ಫೇಟನ್ನು ಉಳಿದ ಕಲ್ಲು-ಮರಳಿನಿಂದ ಬೇರೆ ಮಾಡಿ ನೋಡೋಣ ಅಂತ. ಪರಿಚಯದವರ ಲ್ಯಾಬಿನಿಂದ ಹಳೇ ಫ್ಲೋಟೇಷನ್ ಸೆಲ್ ಸಿಕ್ಕಿತ್ತು, ಅಂದರೆ ಒಂದು ಖನಿಜವನ್ನು ನೊರೆಗೆ ಹತ್ತಿಸಿ ತೇಲಿಸಿ, ಉಳಿದದ್ದನ್ನು ತಳದಲ್ಲೇ ಬಿಡುವ ಪಾತ್ರೆ. ಗೊಬ್ಬರ ತೊಳೆಯುವವನನ್ನು ಇವತ್ತೇ ನೋಡಿದ್ದು ಅಂದರು ಅಪ್ಪಯ್ಯ.

ಮೊದಲು ಒಲಿಯಿಕ್ ಆಸಿಡ್, ಎಣ್ಣೆ-ಕೊಬ್ಬಿನಲ್ಲಿರುವ ಆಸಿಡ್; ಖನಿಜದ ಕಣಕ್ಕೆ ಅಂಟಿ ಅದನ್ನು ನೊರೆಗೆ ಹತ್ತಿಸುವುದು ಇದರ ಕೆಲಸ. ವಾಷಿಂಗ್ ಸೋಡಾ ಹಾಕಿ ಪಿಎಚ್ 9ರಿಂದ 10ರ ನಡುವೆ ಇಟ್ಟು, ಮರಳು ಏಳದಂತೆ ಸೋಡಿಯಂ ಸಿಲಿಕೇಟ್ ಸೇರಿಸಿ, ಎರಡು ಹನಿ ಚಿಮಣಿ ಎಣ್ಣೆ ಬಿಟ್ಟರೆ ಫಾಸ್ಫೇಟ್ ನೊರೆ ಹತ್ತಿ ಮೇಲೆ ಬರುತ್ತದೆ. ನಮ್ಮ ಬಾವಿ ನೀರು ಮೆತ್ತಗಿನದು, ಚೆನ್ನಾಗೇ ಬಂತು. ಸುಮ್ನೆ ನೋಡೋಣ ಅಂತ ಕಾರವಾರದ ಅಕ್ಕನ ಮನೆಯಿಂದ, ಮೇ ತಿಂಗಳಲ್ಲಿ ಉಪ್ಪಾಗುವ ಬಾವಿ ನೀರನ್ನು ಕ್ಯಾನಿನಲ್ಲಿ ತಂದು ಅದರಲ್ಲೇ ಮಾಡಿದೆ. ನೊರೆ ಬರಲೇ ಇಲ್ಲ, ಬಿಳಿ ಗಸಿ ತೇಲಿತು. ಗಡಸು ನೀರಲ್ಲಿ ಸೋಪು ಒಡೆಯುತ್ತದಲ್ವಾ, ಅದೇ ಕಥೆ: ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆಸಿಡ್ಡನ್ನು ಮೊದಲೇ ನುಂಗಿಬಿಡುತ್ತವೆ.

ಎರಡನೆಯದು ಅಮೈನ್, ಕಣಕ್ಕೆ ಅಂಟುವ ಇನ್ನೊಂದು ರಾಸಾಯನಿಕ; ಇದರ ಕೆಲಸ ಉಲ್ಟಾ. ಇದು ಮರಳನ್ನು ಎತ್ತುತ್ತದೆ, ಫಾಸ್ಫೇಟ್ ತಳದಲ್ಲೇ ಉಳಿಯುತ್ತದೆ. ಡೋಸೂ ಕಡಿಮೆ. ಆದರೆ ಕೆಸರು ಕಂಡರೆ ಆಗುವುದಿಲ್ಲ, ಸಣ್ಣ ಜೇಡಿಯೇ ಅದನ್ನೆಲ್ಲ ಕುಡಿದುಬಿಡುತ್ತದೆ. ಐದು ಸಲ ತೊಳೆದ ಮೇಲಷ್ಟೇ ಕೆಲಸ ಮಾಡಿತು. ಅಮೆರಿಕದ ಫ್ಲೋರಿಡಾದ ಫಾಸ್ಫೇಟ್ ಗಣಿಗಳಲ್ಲಿ ಎರಡನ್ನೂ ಸಾಲಾಗಿ ಬಳಸುತ್ತಾರೆ: ಮೊದಲು ಕೊಬ್ಬಿನ ಆಸಿಡ್, ಆಮೇಲೆ ಅದನ್ನು ಬಿಡಿಸಲು ಗಂಧಕಾಮ್ಲದಿಂದ ತೊಳೆತ, ಕೊನೆಗೆ ಅಮೈನ್. ಅಲ್ಲಿನ ಅದಿರಿನಲ್ಲಿ ಮರಳು ಜಾಸ್ತಿ, ಹಾಗಾಗಿ ಸರಿ.

ಆದರೆ ನನ್ನ ಪುಡಿಯಲ್ಲಿ ಜಾಸ್ತಿ ಇದ್ದದ್ದು ಡೋಲೊಮೈಟ್, ಆಸಿಡ್ ಬಿದ್ದರೆ ಬುಸ್ ಅನ್ನುವ ಸುಣ್ಣದ ಜಾತಿಯ ಕಲ್ಲು. ರಾಜಸ್ಥಾನದ ಉದಯಪುರದ ಹತ್ತಿರದ ಝಾಮರ್‌ಕೋಟ್ರಾ ಗಣಿಯ ಫಾಸ್ಫೇಟ್ ಅದಿರಿನದ್ದೂ ಇದೇ ತಾಪತ್ರಯ. ಮೊದಲನೇ ನೊರೆಯ ಮೇಲೆ ಆಸಿಡ್ ಹನಿ ಬಿಟ್ಟರೆ ಬುಸ್ ಅನ್ನುತ್ತಿತ್ತು, ಅಂದರೆ ಡೋಲೊಮೈಟೂ ಜೊತೆಗೇ ಏರಿ ಬಂದಿತ್ತು. ಅಮೈನ್ ಅದನ್ನು ಮುಟ್ಟಲೇ ಇಲ್ಲ. ಅದಕ್ಕೆ ಮೂರನೇ ದಾರಿ: ಅದೇ ಒಲಿಯಿಕ್, ಆದರೆ ಫಾಸ್ಫಾರಿಕ್ ಆಸಿಡ್ ಹಾಕಿ ಪಿಎಚ್ 5ರ ಹತ್ತಿರ. ಈಗ ಫಾಸ್ಫೇಟ್ ಕೆಳಗೆ, ಡೋಲೊಮೈಟ್ ಮೇಲೆ! ರಗಳೆ ಏನೆಂದರೆ ಡೋಲೊಮೈಟ್ ಕರಗಿ ಕರಗಿ ಆಸಿಡ್ ತಿನ್ನುತ್ತದೆ, ಪಿಎಚ್ ಏರುತ್ತಲೇ ಇರುತ್ತದೆ, ಹನಿ ಹಾಕುತ್ತ ಪಕ್ಕದಲ್ಲೇ ಕೂತಿರಬೇಕು. ಆದರೂ ನನ್ನ ಓಟು ಇದಕ್ಕೇ. ತಳದ ಪುಡಿಗೆ ಹನಿ ಬಿಟ್ಟರೆ ಬುಸ್ ಅನ್ನುವುದು ಹೆಚ್ಚುಕಡಿಮೆ ನಿಂತಿತ್ತು.

ಖುಷಿಯಿಂದ ಅಪ್ಪಯ್ಯನಿಗೆ ತೋರಿಸಿದೆ. "ನಮ್ಮ ಹುಳಿ ಮಣ್ಣಿಗೆ ಡೋಲೊಮೈಟ್ ಬೇರೆ ದುಡ್ಡು ಕೊಟ್ಟು ತರುತ್ತೇನೆ, ನೀನು ಇದ್ದದ್ದನ್ನೂ ತೆಗೆದು ಚೆಲ್ಲಿದೆಯಲ್ಲೋ" ಅಂದರು.