ಥಾಯ್, ಅಲ್ಬೇನಿಯನ್ ವಲಸಿಗರ ಬದುಕನ್ನು ಹೋಲಿಸಲು ಒಂದು ಉಚಿತ ಸಾಧನ: ಅಮೆರಿಕದ ಜನಗಣತಿ ದತ್ತಾಂಶ ಜಾಲತಾಣದ ವಿಮರ್ಶೆ

ಧಾರವಾಡದಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಮಾರ್ಗದರ್ಶನ ಮಾಡುವ ನನಗೆ ವಲಸೆಯ ವಿಷಯವನ್ನು ಆರಿಸಿಕೊಳ್ಳುವ ಮಕ್ಕಳು ಪ್ರತಿ ವರ್ಷವೂ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದ ಬಂದವರು. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಗುಳೆ ಹೋದ ಒಬ್ಬ ಕಾಕಾನೋ ಸೋದರಮಾವನೋ ಅವರ ಮನೆಗಳಲ್ಲಿ ಇದ್ದೇ ಇರುತ್ತಾನೆ. ಆದರೆ ಗುಳೆ ಹೋದವರು ಎಷ್ಟು ಗಳಿಸುತ್ತಾರೆ ಎಂದು ನಮ್ಮ ಜನಗಣತಿ ಕೇಳುವುದಿಲ್ಲ. ಅದು ಕೇಳುವ ಹುಟ್ಟಿದ ಸ್ಥಳ, ಹಿಂದಿನ ವಾಸಸ್ಥಳಗಳ ವಿವರವೂ 2011ರ ಕೋಷ್ಟಕಗಳಿಗೇ ನಿಂತಿದೆ. ಹೀಗಾಗಿ ಹೋಲಿಕೆಯ ವಿಧಾನವನ್ನು ಕಲಿಸುವುದಕ್ಕೆ ನಾನು ಕೆಲವು ವರ್ಷಗಳಿಂದ ಅಮೆರಿಕದ ಜನಗಣತಿ ಇಲಾಖೆಯ ಉಚಿತ ಜಾಲತಾಣವಾದ ಡೇಟಾ ಡಾಟ್ ಸೆನ್ಸಸ್ ಡಾಟ್ ಗವ್ ಅನ್ನು ಬಳಸುತ್ತ ಬಂದಿದ್ದೇನೆ. ನಮ್ಮ ಭಾಗದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅದು ಎಷ್ಟು ಉಪಯುಕ್ತ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಈಚೆಗೆ ಮುಗಿದ ಒಂದು ಅಭ್ಯಾಸದ ಆಧಾರದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಆ ಅಭ್ಯಾಸವನ್ನು ಮಾಡಿದವಳು ಗದಗಿನ ಒಬ್ಬ ವಿದ್ಯಾರ್ಥಿನಿ. ಭಾರತೀಯರು, ಚೀನೀಯರು, ಮೆಕ್ಸಿಕನ್ನರು ಮುಂತಾದ ದೊಡ್ಡ ಸಮುದಾಯಗಳ ಬಗ್ಗೆ ಸಿದ್ಧ ಬರಹಗಳು ಬೇಕಾದಷ್ಟು ಇರುವುದರಿಂದ, ಯಾರ ತೀರ್ಮಾನವನ್ನೂ ಎರವಲು ಪಡೆಯಲಾಗದಂತಹ ಎರಡು ಚಿಕ್ಕ ಸಮುದಾಯಗಳನ್ನು ಆರಿಸಿಕೊಳ್ಳಲು ನಾನು ಹೇಳಿದ್ದೆ. ಆಕೆ ಆರಿಸಿದ್ದು ಅಮೆರಿಕದಲ್ಲಿ ನೆಲೆಸಿದ ಥಾಯ್ (ಥೈಲ್ಯಾಂಡ್ ಮೂಲದ) ಮತ್ತು ಅಲ್ಬೇನಿಯನ್ (ಆಗ್ನೇಯ ಯುರೋಪಿನ ಅಲ್ಬೇನಿಯಾ ಮೂಲದ) ಜನರನ್ನು. ಅಲ್ಲಿ ಥಾಯ್ ಮೂಲದವರು ಮೂರು ಲಕ್ಷಕ್ಕೂ ಹೆಚ್ಚು, ಅಲ್ಬೇನಿಯನ್ ಮೂಲದವರೆಂದು ಬರೆಸಿಕೊಂಡವರು ಸುಮಾರು ಎರಡು ಲಕ್ಷ. ಯಾರ ಆರ್ಥಿಕ ಸ್ಥಿತಿ ಉತ್ತಮ ಎಂಬುದು ಆಕೆಯ ಪ್ರಶ್ನೆಯಾಗಿತ್ತು.

ಜಾಲತಾಣದ ಹಿಂದಿರುವ ದತ್ತಾಂಶದ ಗುಣಮಟ್ಟವನ್ನು ಮೊದಲು ಹೇಳಬೇಕು, ಏಕೆಂದರೆ ಈ ಸೇವೆಯ ನಿಜವಾದ ಬೆಲೆ ಅದರಲ್ಲಿಯೇ ಇದೆ. ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಮಾದರಿ ಸಮೀಕ್ಷೆ 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿದೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯೊಂದಿಗೆ ತುಂಬಿಸಿಕೊಳ್ಳುತ್ತಿದ್ದ ಉದ್ದನೆಯ ಪ್ರಶ್ನಾವಳಿಯ ಜಾಗಕ್ಕೆ ಅದು ಬಂದಿತು. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಪ್ರಶ್ನಾವಳಿ ಹೋಗುತ್ತದೆ, ಉತ್ತರಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಆದಾಯ, ಉದ್ಯೋಗ, ಶಿಕ್ಷಣ, ಸ್ವಂತ ಮನೆ, ಬಾಡಿಗೆ, ಆರೋಗ್ಯ ವಿಮೆ, ಮನೆಯಲ್ಲಿ ಆಡುವ ಭಾಷೆ ಎಲ್ಲವನ್ನೂ ಅದು ಕೇಳುತ್ತದೆ. 65,000 ಅಥವಾ ಹೆಚ್ಚು ಜನರಿರುವ ಪ್ರದೇಶಗಳಿಗೆ ಒಂದು ವರ್ಷದ ಅಂದಾಜು, ಚಿಕ್ಕ ಪ್ರದೇಶಗಳಿಗೆ ಐದು ವರ್ಷಗಳನ್ನು ಕೂಡಿಸಿದ ಅಂದಾಜು ಪ್ರಕಟವಾಗುತ್ತದೆ. ಕೋವಿಡ್ ಕಾರಣದಿಂದ 2020ರ ಒಂದು ವರ್ಷದ ಅಂದಾಜನ್ನು ಎಂದಿನಂತೆ ಪ್ರಕಟಿಸದೆ ಪ್ರಾಯೋಗಿಕ ಎಂದು ಹೆಸರಿಟ್ಟು ಪ್ರತ್ಯೇಕವಾಗಿ ಕೊಟ್ಟರು; ತಮ್ಮ ಅಂಕಿಗೆ ತಾವೇ ಹೀಗೆ ಮಿತಿ ಹಾಕಿಕೊಂಡ ಇಲಾಖೆಯನ್ನು ನಾನು ಗೌರವಿಸುತ್ತೇನೆ.

ಬಳಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಖಾತೆ ತೆರೆಯಬೇಕಾಗಿಲ್ಲ, ಹಣ ಕೊಡಬೇಕಾಗಿಲ್ಲ. ಹುಡುಕುವ ಜಾಗದಲ್ಲಿ ಕೋಷ್ಟಕದ ಸಂಖ್ಯೆಯನ್ನು ಹಾಕಿದರೆ ಕೋಷ್ಟಕ ತೆರೆದುಕೊಳ್ಳುತ್ತದೆ, ಅದನ್ನು ಎಕ್ಸೆಲ್ಲಿಗೆ ಇಳಿಸಿಕೊಳ್ಳಬಹುದು. ಅಗಲವಾದ ಕೋಷ್ಟಕಗಳಾದ್ದರಿಂದ ಮೊಬೈಲಿಗಿಂತ ಗ್ರಂಥಾಲಯದ ಗಣಕದಲ್ಲಿ ಕುಳಿತು ನೋಡುವುದು ಲೇಸು.

ಒಂದು ಸಮುದಾಯದ ಸಮಗ್ರ ಚಿತ್ರ ಬೇಕಾದವರಿಗೆ ಎಸ್ 0201 ಎಂಬ ಕೋಷ್ಟಕವಿದೆ. ಸಮುದಾಯದ ಹೆಸರನ್ನು ಆರಿಸಿದರೆ ವಯಸ್ಸಿನಿಂದ ಹಿಡಿದು ಬಡತನದ ಪ್ರಮಾಣದವರೆಗೆ ಎಲ್ಲವೂ ಒಂದೇ ಪಟ್ಟಿಯಲ್ಲಿ ಬರುತ್ತದೆ. ಥಾಯ್ ಒಂದು ಕಡೆ, ಅಲ್ಬೇನಿಯನ್ ಇನ್ನೊಂದು ಕಡೆ ಇಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಪ್ರಬಂಧ ಮುಗಿಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ, ನನ್ನ ವಿದ್ಯಾರ್ಥಿನಿಗೂ ಅನ್ನಿಸಿತು. ಆದರೆ ಆ ಎರಡು ಕಾಲಂಗಳು ಹುಟ್ಟಿದ್ದು ಎರಡು ಬೇರೆ ಪ್ರಶ್ನೆಗಳಿಂದ. ಥಾಯ್ ಎಂಬುದು ಜನಾಂಗದ ಪ್ರಶ್ನೆಗೆ ಏಷ್ಯನ್ ಗುಂಪಿನೊಳಗೆ ಬರೆದ ಉತ್ತರ. ಅಲ್ಬೇನಿಯನ್ನರು ಜನಾಂಗದ ಪ್ರಶ್ನೆಯಲ್ಲಿ ಬಹುತೇಕ ಬಿಳಿಯರ ಲೆಕ್ಕಕ್ಕೆ ಸೇರಿಹೋಗುತ್ತಾರೆ. ಅವರ ಹೆಸರು ಕಾಣಿಸುವುದು ‘ನಿಮ್ಮ ಮೂಲ ಯಾವುದು’ ಎಂಬ ಇನ್ನೊಂದು ಪ್ರಶ್ನೆಯಲ್ಲಿ, ಅದೂ ಅವರಾಗಿಯೇ ಬರೆದರೆ ಮಾತ್ರ. ಬಾಸ್ಟನ್ನಿನಲ್ಲಿ ಫಾನ್ ನೋಲಿ ಎಂಬ ಪಾದ್ರಿ 1908ರಲ್ಲಿ ಅಲ್ಬೇನಿಯನ್ ಭಾಷೆಯಲ್ಲಿ ಪೂಜೆ ನಡೆಸಿದ ಕಾಲದಲ್ಲಿಯೇ ಅಲ್ಲಿ ನೆಲೆಸಿದ್ದವರ ಮರಿಮೊಮ್ಮಗ ಈ ಪ್ರಶ್ನೆಗೆ ಅಲ್ಬೇನಿಯನ್ ಎಂದು ಬರೆದರೆ, ಮೊನ್ನೆ ಮೊನ್ನೆ ಅಲ್ಬೇನಿಯಾದ ರಾಜಧಾನಿ ಟಿರಾನಾದಿಂದ ಬಂದಿಳಿದವನ ಪಕ್ಕದಲ್ಲಿಯೇ ಅವನನ್ನೂ ಎಣಿಸುತ್ತಾರೆ. ಹಾಗಿದ್ದಲ್ಲಿ ಆ ಕಾಲಂನಲ್ಲಿ ಕಾಣುವ ಆದಾಯವನ್ನು ವಲಸಿಗರ ಆದಾಯ ಎಂದು ಹೇಗೆ ಕರೆಯುವುದು?

ಈ ತೊಡಕಿಗೆ ಪರಿಹಾರವಾಗಿ ಹುಟ್ಟಿದ ದೇಶದ ಕೋಷ್ಟಕವನ್ನು ನೋಡಲು ನಾನೇ ಸೂಚಿಸಿದೆ. ಬಿ 05006 ಎಂಬ ಆ ಕೋಷ್ಟಕದಲ್ಲಿ ಥೈಲ್ಯಾಂಡ್, ಅಲ್ಬೇನಿಯಾ ಎರಡೂ ಇವೆ. ಎರಡು ದಿನ ಓದಿಕೊಂಡು ಬಂದ ವಿದ್ಯಾರ್ಥಿನಿ ನನ್ನ ಸೂಚನೆಯ ಕೊರತೆಯನ್ನು ತೋರಿಸಿಕೊಟ್ಟಳು. “ಸರ, ಥೈಲ್ಯಾಂಡಿನ್ಯಾಗ ಹುಟ್ಟಿದವ್ರೆಲ್ಲಾ ಥಾಯ್ ಮಂದಿ ಅಲ್ರಿ. ನಾನೂ ನಮ್ಮವ್ವನ ತವರಮನಿ ರಾಣೆಬೆನ್ನೂರಾಗ ಹುಟ್ಟೇನ್ರಿ, ಹಂಗಂತ ನಮ್ಮೂರು ರಾಣೆಬೆನ್ನೂರು ಆಗ್ತದೇನ್ರಿ?”

ಆಕೆ ಹೇಳಿದ್ದು ಸರಿಯಾಗಿತ್ತು. ನಮ್ಮಲ್ಲಿ ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲಿ ನಡೆಯುವುದರಿಂದ, ಮೂರನೆಯ ತಿಂಗಳಿಗೆ ತಾಯಿಯ ಮಡಿಲಲ್ಲಿ ಅಪ್ಪನ ಊರಿಗೆ ಬಂದ ಕೂಸೂ ಹುಟ್ಟಿದ ಸ್ಥಳದ ಕೋಷ್ಟಕದಲ್ಲಿ ವಲಸಿಗನಾಗುತ್ತದೆ. ಥೈಲ್ಯಾಂಡಿನಲ್ಲಿ ಇದೇ ಸಂಗತಿಗೆ ಬಹಳ ಕಠಿಣವಾದ ರೂಪವಿದೆ. ಲಾವೋಸಿನಿಂದ 1975ರ ನಂತರ ಓಡಿಬಂದ ಹ್ಮಾಂಗ್ ಜನ ಬಾನ್ ವಿನಾಯ್ ಮೊದಲಾದ ಥಾಯ್ ಶಿಬಿರಗಳಲ್ಲಿ ವರ್ಷಗಟ್ಟಲೆ ಉಳಿದರು. ಬರ್ಮಾದ ಕರೆನ್ ಜನ ಗಡಿಯ ಮೇ ಲಾ ಮೊದಲಾದ ಶಿಬಿರಗಳಲ್ಲಿ ಉಳಿದರು. ಶಿಬಿರದಲ್ಲಿ ಹುಟ್ಟಿ ನಂತರ ನಿರಾಶ್ರಿತರಾಗಿ ಅಮೆರಿಕಕ್ಕೆ ಹೋದ ಮಕ್ಕಳ ಹುಟ್ಟಿದ ದೇಶ ಥೈಲ್ಯಾಂಡ್. ಅವರು ಹೊತ್ತೊಯ್ದ ಬಡತನಕ್ಕೂ ಬ್ಯಾಂಕಾಕಿನಿಂದ ನರ್ಸ್ ಆಗಿ ಬಂದ ಮಹಿಳೆಯ ಸಂಬಳಕ್ಕೂ ಸಂಬಂಧವಿಲ್ಲ, ಆದರೂ ಹುಟ್ಟಿದ ದೇಶದ ಲೆಕ್ಕದಲ್ಲಿ ಇಬ್ಬರೂ ಒಂದೇ ಸಾಲಿನವರು.

ಅಲ್ಬೇನಿಯಾದ ಕಡೆ ಲೆಕ್ಕ ಇದಕ್ಕೆ ವಿರುದ್ಧವಾಗಿ ತಪ್ಪುತ್ತದೆ. ಅಲ್ಬೇನಿಯನ್ ಭಾಷೆಯ ಜನ ಅಲ್ಬೇನಿಯಾದ ಹೊರಗೆ ಕೊಸೊವೊ, ಉತ್ತರ ಮೆಸಿಡೋನಿಯಾ, ಮಾಂಟೆನೆಗ್ರೊಗಳಲ್ಲಿಯೂ ದೊಡ್ಡ ಸಂಖ್ಯೆಯಲ್ಲಿ ಇದ್ದಾರೆ. ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾನ ಆಡಳಿತದಲ್ಲಿ ಅಲ್ಬೇನಿಯಾ ಬಿಟ್ಟು ಹೋಗುವುದೇ ಅಪರಾಧವಾಗಿತ್ತು, 1990-91ರಲ್ಲಿ ಆ ವ್ಯವಸ್ಥೆ ಕುಸಿಯುವ ತನಕ ಬಾಗಿಲು ತೆರೆಯಲಿಲ್ಲ. ಕೊಸೊವೊ ಮೊದಲಾದ ಆ ಮೂರು ನಾಡುಗಳು ಆಗ ಸೇರಿದ್ದ ಯುಗೊಸ್ಲಾವಿಯಾದಲ್ಲಿದ್ದ ಅಲ್ಬೇನಿಯನ್ನರು ಅದಕ್ಕೆ ಮುಂಚೆಯೇ ನ್ಯೂಯಾರ್ಕಿನ ಬ್ರಾಂಕ್ಸಿಗೂ ಡೆಟ್ರಾಯಿಟ್ ಸುತ್ತಲಿಗೂ ಬಂದಿದ್ದರು. 1999ರ ಯುದ್ಧದಲ್ಲಿ ಕೊಸೊವೊದ ನಿರಾಶ್ರಿತರನ್ನು ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಸೇನಾ ನೆಲೆಗೆ ಕರೆತಂದರು. ಇವರಾರೂ ಹುಟ್ಟಿದ ದೇಶ ಅಲ್ಬೇನಿಯಾ ಎಂದು ಬರೆಯುವವರಲ್ಲ. ಹಾಗಾಗಿ ಹುಟ್ಟಿದ ದೇಶದ ಕೋಷ್ಟಕ ಥಾಯ್ ಸಾಲಿಗೆ ಥಾಯ್ ಅಲ್ಲದವರನ್ನು ತುಂಬುತ್ತದೆ, ಅಲ್ಬೇನಿಯನ್ ಸಾಲಿನಿಂದ ಅಲ್ಬೇನಿಯನ್ನರನ್ನು ಹೊರಗಿಡುತ್ತದೆ.

ಮನೆಯ ಆದಾಯದ ಅಂಕಿಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಮನೆ ಯಾರ ಹೆಸರಿನಲ್ಲಿ ಸ್ವಂತಕ್ಕೋ ಬಾಡಿಗೆಗೋ ಇದೆಯೋ ಅವರನ್ನು ಮನೆಯ ಯಜಮಾನರೆಂದು ಹಿಡಿದು, ಇಡೀ ಮನೆಯನ್ನು ಅವರ ಸಮುದಾಯದ ಲೆಕ್ಕಕ್ಕೆ ಹಾಕುತ್ತಾರೆ. ಥಾಯ್ ಸಮುದಾಯಕ್ಕೆ ಈ ನಿಯಮ ಬಹಳ ಮುಖ್ಯ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಉಡಾನ್, ಕೊರಾಟ್, ಉ ತಪಾವೊಗಳಲ್ಲಿ ಅಮೆರಿಕದ ವಾಯುನೆಲೆಗಳಿದ್ದವು, ಅಲ್ಲಿನ ಸೈನಿಕರನ್ನು ಮದುವೆಯಾಗಿ ಹೋದ ಹೆಂಗಸರು ಈ ವಲಸೆಯ ಒಂದು ದೊಡ್ಡ ಧಾರೆ. ಇಂದಿಗೂ ಅಮೆರಿಕದ ಥಾಯ್ ಸಮುದಾಯದಲ್ಲಿ ಗಂಡಸರಿಗಿಂತ ಹೆಂಗಸರು ಗಣನೀಯವಾಗಿ ಹೆಚ್ಚು. ಗಂಡನ ಹೆಸರಿನಲ್ಲಿ ಮನೆಯಿದ್ದರೆ ಆ ಮನೆಯ ಆದಾಯ ಥಾಯ್ ಕಾಲಂಗೆ ಬರುವುದೇ ಇಲ್ಲ. ಗಂಡ ಹೆಂಡತಿ ಇಬ್ಬರೂ ಅಲ್ಬೇನಿಯನ್ನರಾಗಿ, ದುಡಿಯುವ ಮಗನೂ ಅದೇ ಸೂರಿನಡಿ ಇರುವ ಮನೆಯಲ್ಲಿ ಮೂರು ಸಂಬಳಗಳು ಒಂದೇ ಮನೆಯ ಆದಾಯವಾಗುತ್ತವೆ. ಇದಕ್ಕಾಗಿಯೇ ಮನೆಯ ಆದಾಯದ ಮಧ್ಯಾಂಕದ (ಅರ್ಧ ಮನೆಗಳು ಅದಕ್ಕಿಂತ ಕೆಳಗೆ, ಅರ್ಧ ಮೇಲೆ ಇರುವ ನಡುವಿನ ಅಂಕಿಯ) ಜೊತೆಗೆ ತಲಾ ಆದಾಯವನ್ನೂ, ವರ್ಷವಿಡೀ ಪೂರ್ಣಾವಧಿ ದುಡಿಯುವ ಗಂಡಸರ ಮತ್ತು ಹೆಂಗಸರ ಗಳಿಕೆಯನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ. ಎಸ್ 0201ರಲ್ಲಿ ಅವೆಲ್ಲ ಇವೆ.

ಪ್ರತಿ ಅಂಕಿಯ ಪಕ್ಕದಲ್ಲಿ ಶೇಕಡಾ 90ರ ಭರವಸೆಯ ಮಾರ್ಜಿನ್ ಆಫ್ ಎರರ್ (ಮಾದರಿ ಸಮೀಕ್ಷೆಯ ಅಂಕಿ ಎಷ್ಟು ಹೆಚ್ಚುಕಮ್ಮಿ ಆಗಿರಬಹುದು ಎಂಬ ಅಳತೆ) ಅನ್ನು ಕೊಡುವುದು ಈ ಜಾಲತಾಣದ ಅತ್ಯಂತ ಒಳ್ಳೆಯ ಗುಣ, ವಿದ್ಯಾರ್ಥಿಗಳು ಮೊದಲು ಅಳಿಸಿಹಾಕುವುದೂ ಅದನ್ನೇ. ಉದಾಹರಣೆಗೆಂದು ಕಲ್ಪಿಸಿಕೊಳ್ಳೋಣ: ಒಂದು ಸಮುದಾಯದ ಮಧ್ಯಾಂಕ ಆದಾಯ 70,000 ಡಾಲರ್, ಎರರ್ 4,000, ಇನ್ನೊಂದರದು 74,000, ಎರರ್ 5,000. ಎರಡು ಎರರ್‌ಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 6,400 ಬರುತ್ತದೆ. ಎರಡು ಮಧ್ಯಾಂಕಗಳ ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ಮಾತ್ರ ಅದನ್ನು ನಿಜವಾದ ವ್ಯತ್ಯಾಸವೆನ್ನಬಹುದು, ಇಲ್ಲಿ ಇರುವುದು 4,000 ಮಾತ್ರ. ಆದ್ದರಿಂದ ಎರಡನೆಯವರು ಹೆಚ್ಚು ಸ್ಥಿತಿವಂತರು ಎಂದು ಬರೆಯುವಂತಿಲ್ಲ. ಇಲಾಖೆ ಈ ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆಯನ್ನೂ ಉಚಿತವಾಗಿ ಕೊಡುತ್ತದೆ. ಚಿಕ್ಕ ಸಮುದಾಯಗಳನ್ನು ಮೇಲು ಕೀಳು ಎಂದು ಕ್ರಮಾಂಕ ಹಾಕಿ ಸಾಲಾಗಿ ನಿಲ್ಲಿಸುವ ಪಟ್ಟಿಗಳನ್ನು ನಾನು ನಂಬದಿರಲು ಇದೊಂದೇ ಕಾರಣ ಸಾಕು.

ಬಡತನ ರೇಖೆಯ ವಿಷಯದಲ್ಲಿಯೂ ಎಚ್ಚರ ಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞೆ ಮಾಲಿ ಓರ್ಶಾನ್‌ಸ್ಕಿ 1960ರ ದಶಕದಲ್ಲಿ ಆಹಾರದ ಖರ್ಚನ್ನು ಆಧರಿಸಿ ರೂಪಿಸಿದ ಆ ರೇಖೆ ಕುಟುಂಬದ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ, ಊರಿನ ಬಾಡಿಗೆಗೆ ತಕ್ಕಂತೆ ಬದಲಾಗುವುದಿಲ್ಲ. ಥಾಯ್ ಜನರ ದೊಡ್ಡ ನೆಲೆ ಲಾಸ್ ಏಂಜಲೀಸ್, ಅಲ್ಬೇನಿಯನ್ನರದು ನ್ಯೂಯಾರ್ಕ್. ಎರಡೂ ದುಬಾರಿ ಊರುಗಳು. ಅಲ್ಲಿ ರೇಖೆಯ ಸ್ವಲ್ಪ ಮೇಲಿರುವವರ ಕಷ್ಟ ಈ ಕೋಷ್ಟಕಕ್ಕೆ ಕಾಣುವುದಿಲ್ಲ. ಲಾಸ್ ಏಂಜಲೀಸ್ ಸಮೀಪದ ಎಲ್ ಮಾಂಟೆಯಲ್ಲಿ 1995ರ ಆಗಸ್ಟಿನಲ್ಲಿ ಮುಳ್ಳುತಂತಿಯ ಒಳಗೆ ಕೂಡಿಹಾಕಿ ಬಟ್ಟೆ ಹೊಲಿಸುತ್ತಿದ್ದ 72 ಥಾಯ್ ಕಾರ್ಮಿಕರನ್ನು ಬಿಡಿಸಿದರು. ಅಂಥವರ ಬಾಗಿಲಿಗೆ ಪ್ರಶ್ನಾವಳಿ ತಲುಪಿದರೂ ಉತ್ತರ ಬರೆಯುವವರು ಯಾರು? ಮನೆಯ ಆದಾಯದಿಂದ ತಾಯ್ನಾಡಿಗೆ ಕಳುಹಿಸಿದ ಹಣವನ್ನೂ ಸಮೀಕ್ಷೆ ಕಳೆಯುವುದಿಲ್ಲ. 1997ರಲ್ಲಿ ಹಣ ದುಪ್ಪಟ್ಟು ಮಾಡಿಕೊಡುವ ಯೋಜನೆಗಳು ಮುಳುಗಿ ಅಲ್ಬೇನಿಯಾದ ಲಕ್ಷಾಂತರ ಜನ ಉಳಿತಾಯವನ್ನು ಕಳೆದುಕೊಂಡಾಗ, ಎಷ್ಟೋ ಮನೆಗಳು ನಡೆದದ್ದು ಹೊರದೇಶದಲ್ಲಿದ್ದ ಮಕ್ಕಳ ದುಡಿಮೆಯಿಂದ. ಊರಿಗೆ ಹಣ ಕಳುಹಿಸಿ ತಾವು ಇಕ್ಕಟ್ಟಿನ ಕೋಣೆಯಲ್ಲಿ ಉಳಿದವರನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ತೊಡಕುಗಳಿದ್ದೂ ನಾನು ಈ ಸೇವೆಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುವುದು ಅದರ ಇನ್ನೊಂದು ಭಾಗಕ್ಕಾಗಿ. ಸಿದ್ಧ ಕೋಷ್ಟಕಗಳು ಸಾಲದಾದಾಗ, ಹೆಸರು ವಿಳಾಸಗಳನ್ನು ತೆಗೆದ ಬಿಡಿ ವ್ಯಕ್ತಿಗಳ ದಾಖಲೆಗಳಿಂದ ನಮಗೆ ಬೇಕಾದ ಕೋಷ್ಟಕವನ್ನು ನಾವೇ ಕಟ್ಟಿಕೊಳ್ಳುವ ಅವಕಾಶ ಅಲ್ಲಿಯೇ ಇದೆ. ಐದು ವರ್ಷಗಳ ಕಡತದಲ್ಲಿ ದೇಶದ ಜನಸಂಖ್ಯೆಯ ಸುಮಾರು ಶೇಕಡಾ 5ರಷ್ಟು ದಾಖಲೆಗಳಿರುತ್ತವೆ. ಹುಟ್ಟಿದ ದೇಶ, ಜನಾಂಗ, ಮೂಲ ಮೂರನ್ನೂ ಒಟ್ಟಿಗೆ ಹಾಕಿ ಶೋಧಿಸಬಹುದು. ಕಲಿಯಲು ಒಂದು ವಾರ ಬೇಕು, ಶೀರ್ಷಿಕೆಗಳೆಲ್ಲ ಇಂಗ್ಲಿಷಿನಲ್ಲಿ ಇರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಪಕ್ಕದಲ್ಲಿ ಅಧ್ಯಾಪಕರು ಮೊದಲೆರಡು ದಿನ ಕುಳಿತುಕೊಳ್ಳಬೇಕು. ಆ ಶ್ರಮ ವ್ಯರ್ಥವಾಗುವುದಿಲ್ಲ.

ವಿದ್ಯಾರ್ಥಿನಿಯ ಕೊನೆಯ ಕೋಷ್ಟಕದಲ್ಲಿ ಎರಡರ ಬದಲು ಆರು ಸಾಲುಗಳಿದ್ದವು: ಥೈಲ್ಯಾಂಡಿನಲ್ಲಿ ಹುಟ್ಟಿದ ಥಾಯ್ ಜನ, ಥೈಲ್ಯಾಂಡಿನಲ್ಲಿ ಹುಟ್ಟಿದ ಹ್ಮಾಂಗ್ ಮತ್ತಿತರರು, ಅಮೆರಿಕದಲ್ಲಿ ಹುಟ್ಟಿದ ಥಾಯ್ ಜನ, ಅಲ್ಬೇನಿಯಾದಲ್ಲಿ ಹುಟ್ಟಿದವರು, ಹಳೆಯ ಯುಗೊಸ್ಲಾವಿಯಾದ ನೆಲದಲ್ಲಿ ಹುಟ್ಟಿ ಅಲ್ಬೇನಿಯನ್ ಮೂಲ ಬರೆದವರು, ಅಮೆರಿಕದಲ್ಲಿ ಹುಟ್ಟಿದ ಅಲ್ಬೇನಿಯನ್ನರು. ಈಗ ಆಕೆ 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟಿಯನ್ನರ ಪೈಕಿ ಚಳಿಗಾಲದಲ್ಲಿ ಹುಬ್ಬಳ್ಳಿಗೆ ಸ್ವೆಟರ್ ಮಾರಲು ಬರುವವರ ಬಗ್ಗೆ ಕ್ಷೇತ್ರಕಾರ್ಯ ಮಾಡುತ್ತಿದ್ದಾಳೆ. ಆಕೆ ಸಿದ್ಧಪಡಿಸಿಕೊಂಡ ಪ್ರಶ್ನಾವಳಿಯಲ್ಲಿ ಹುಟ್ಟಿದ್ದು ಎಲ್ಲಿ, ತಮ್ಮನ್ನು ಯಾವ ಮೂಲದವರೆಂದು ಹೇಳಿಕೊಳ್ಳುತ್ತಾರೆ ಎಂಬ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ಇವೆ. ಗಳಿಕೆಯ ಪ್ರಶ್ನೆಯ ಕೆಳಗೆ, ಅದರಲ್ಲಿ ಬಂಧುಗಳಿಗೆ ಕಳುಹಿಸುವುದು ಎಷ್ಟು ಎಂದು ಬರೆಯಲು ಒಂದು ಖಾಲಿ ಗೆರೆಯಿದೆ.