1.1.1.1 ಡಿಎನ್‌ಎಸ್: ನಮ್ಮನೆ ಕಂಪ್ಯೂಟರಿಗೆ ಹಾಕಿ ಎಂಟು ತಿಂಗಳಾಯ್ತು

ರಾತ್ರಿ ಎಂಟಾದರೆ ಸಾಕು, ನಮ್ಮನೆ ಕಂಪ್ಯೂಟರಿನಲ್ಲಿ ಯಾವ ವೆಬ್‌ಸೈಟೂ ತೆರೆಯುತ್ತಿರಲಿಲ್ಲ. ವೈಫೈ ಕಡ್ಡಿ ಪೂರ್ತಿ ಇರುತ್ತಿತ್ತು, ಮೋಡೆಮ್ ದೀಪವೆಲ್ಲ ಹಸಿರು, ಪಕ್ಕದ ಕೋಣೆಯಲ್ಲಿ ಮಗಳು ಏಳಕ್ಕೇ ಶುರು ಮಾಡಿದ್ದ ವಿಡಿಯೋ ಕ್ಲಾಸ್ ಎಲ್ಲೂ ನಿಲ್ಲದೆ ನಡೆಯುತ್ತಲೇ ಇರುತ್ತಿತ್ತು. ನಾನು ಕರೆಂಟ್ ಬಿಲ್ ಕಟ್ಟೋಣ ಅಂತ ಹೊಸ ಪುಟ ತೆರೆದರೆ ಮಾತ್ರ ಕ್ರೋಮ್ 'ಡಿಎನ್‌ಎಸ್ ಪ್ರೋಬ್ ಫಿನಿಶ್ಡ್' ಅಂತ ತೋರಿಸುತ್ತಿತ್ತು. ಇಂಟರ್ನೆಟ್ ಕಂಪನಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅಂದರು, ಕೊನೆಗೆ ಹೊಸ ಮೋಡೆಮ್ ತಗೊಳ್ಳಿ ಅಂದರು.

ನಿಮಗೂ ಹೀಗೇ ಆಗ್ತಿದ್ದರೆ ದುಡ್ಡು ಕೊಡುವ ಮೊದಲು ಎರಡು ನಿಮಿಷ ಕೊಡಿ. ಕಮಾಂಡ್ ಪ್ರಾಂಪ್ಟ್ (ವಿಂಡೋಸ್‌ನಲ್ಲಿ ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು ಪಿಂಗ್ (ping) ಅಂತ ಟೈಪ್ ಮಾಡಿ, ಜಾಗ ಬಿಟ್ಟು ಗೂಗಲ್‌ನ ಸರ್ವರ್ ನಂಬರ್ 8.8.8.8 ಹಾಕಿ. ಉತ್ತರ ಬಂತಾ? ಹಾಗಾದರೆ ಲೈನ್ ಸರಿ ಇದೆ. ಈಗ ನಂಬರ್ ಬದಲು ಒಂದು ವೆಬ್‌ಸೈಟ್ ಹೆಸರು ಹಾಕಿ ನೋಡಿ. ಹೋಸ್ಟ್ ಸಿಗಲಿಲ್ಲ ಅಂದರೆ ತೊಂದರೆ ಇರುವುದು ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರು ಕೇಳಿ ನಂಬರ್ ಹೇಳುವ ಸರ್ವರ್‌ನಲ್ಲಿ. ಸಾಮಾನ್ಯವಾಗಿ ಅದು ನಿಮ್ಮ ಇಂಟರ್ನೆಟ್ ಕಂಪನಿಯದೇ ಆಗಿರುತ್ತದೆ. ಮಗಳ ಕ್ಲಾಸಿಗೆ ನಂಬರ್ ಮೊದಲೇ ಸಿಕ್ಕಿತ್ತು, ಅದಕ್ಕೇ ಅದು ನಿಲ್ಲಲಿಲ್ಲ.

ಆಗ ನಾನು ಅದರ ಬದಲು ಹಾಕಿಕೊಂಡಿದ್ದು ಕ್ಲೌಡ್‌ಫ್ಲೇರ್ ಅನ್ನುವ ಕಂಪನಿಯವರ ಡಿಎನ್‌ಎಸ್ ಸರ್ವರ್, 1.1.1.1. 2018ರ ಏಪ್ರಿಲ್ 1ರಂದು ಶುರುವಾದದ್ದು. ಪೂರ್ತಿ ಉಚಿತ, ಹೆಸರು ನೋಂದಾಯಿಸುವುದೂ ಬೇಡ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ವೈಫೈ, ಅದರೊಳಗೆ ಹಾರ್ಡ್‌ವೇರ್ ಪ್ರಾಪರ್ಟೀಸ್, ಅಲ್ಲಿ ಡಿಎನ್‌ಎಸ್ ಎಡಿಟ್ ಮಾಡಿ ಮ್ಯಾನ್ಯುಯಲ್ ಆರಿಸಿ ನಂಬರ್ ತುಂಬಿದರಾಯ್ತು.

ಆದರೆ ನನಗೆ ಅಷ್ಟಕ್ಕೇ ಸರಿಹೋಗಲಿಲ್ಲ, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ ಅಂತಲೇ ಬರೆಯುತ್ತಿದ್ದೇನೆ. ಎರಡು ದಿನ ಕೆಲವು ಸೈಟ್ ತಕ್ಷಣ ತೆರೆಯುತ್ತಿತ್ತು, ಕೆಲವು ಮತ್ತೆ ಅದೇ ಕಥೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಲುಕಪ್ (nslookup) ಅಂತ ಹಾಕಿ, ಒಂದು ಸೈಟ್ ಹೆಸರು ಕೊಟ್ಟು ನೋಡಿದೆ. ಮೊದಲೆರಡು ಸಾಲಿನಲ್ಲೇ ಯಾವ ಸರ್ವರನ್ನು ಕೇಳುತ್ತಿದೆ ಅಂತ ತೋರಿಸುತ್ತದೆ. ಅಲ್ಲಿ 1.1.1.1 ಇರಲೇ ಇಲ್ಲ! ಎಫ್‌ಇ80 (fe80) ಅಂತ ಶುರುವಾಗುವ ಒಂದು ವಿಳಾಸ ಇತ್ತು. ಅದು ನಮ್ಮ ಮೋಡೆಮ್‌ನ ಐಪಿವಿ6 ವಿಳಾಸ. ಇಂಟರ್ನೆಟ್ ವಿಳಾಸದಲ್ಲಿ ಎರಡು ಬಗೆ, 1.1.1.1 ಥರದ ಹಳೆಯದು ಐಪಿವಿ4, ಉದ್ದದ ಹೊಸದು ಐಪಿವಿ6. ನಾನು ಐಪಿವಿ4 ಮಾತ್ರ ಬದಲಾಯಿಸಿದ್ದೆ, ಐಪಿವಿ6 ದಾರಿಯಲ್ಲಿ ಕಂಪ್ಯೂಟರ್ ಇನ್ನೂ ಮೋಡೆಮನ್ನೇ ಕೇಳುತ್ತಿತ್ತು, ಮೋಡೆಮ್ ಹೋಗಿ ಕಂಪನಿಯ ಸರ್ವರನ್ನು ಕೇಳುತ್ತಿತ್ತು. ಐಪಿವಿ6 ಕಡೆ 2606:4700:4700::1111 ಅಂತಲೂ ತುಂಬಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ipconfig /flushdns ಕೊಟ್ಟು ಹಳೆಯ ನೆನಪು ಅಳಿಸಿದೆ. ಅವತ್ತಿನಿಂದ ಇವತ್ತಿನವರೆಗೆ ಎಂಟು ಗಂಟೆಯ ಕಾಟ ಒಂದು ಸಲವೂ ಬಂದಿಲ್ಲ. ಮೋಡೆಮ್ ಅದೇ ಹಳೇದು.

ಇದನ್ನು ಹಾಕಿದರೆ ಸ್ಪೀಡ್ ಡಬಲ್ ಆಗುತ್ತೆ ಅನ್ನುವುದನ್ನು ನಂಬಬೇಡಿ. ಪುಟ ತೆರೆಯಲು ಶುರುವಾಗುವ ಆ ಮೊದಲ ಕಾಯುವಿಕೆ ಕಡಿಮೆಯಾಗುತ್ತದೆ, ಅದು ನಿಜ, ಸಿನಿಮಾ ಡೌನ್‌ಲೋಡ್ ಮೊದಲಿನಷ್ಟೇ ಹೊತ್ತು ತಗೊಳ್ಳುತ್ತದೆ.

ಇದೂ ಕೈಕೊಡುವುದುಂಟು. 2025ರ ಜುಲೈ 14ರಂದು, ನಮ್ಮಲ್ಲಿ ಆಗಲೇ 15ರ ಬೆಳಗಿನ ಜಾವ, ಅವರದೇ ಸೆಟ್ಟಿಂಗ್ ತಪ್ಪಿನಿಂದ ಒಂದು ಗಂಟೆ ಈ ಸೇವೆ ಜಗತ್ತಿನಾದ್ಯಂತ ನಿಂತಿತ್ತು. ಅದಕ್ಕೇ ಎರಡನೇ (ಆಲ್ಟರ್ನೇಟ್) ಡಿಎನ್‌ಎಸ್ ಜಾಗದಲ್ಲಿ 1.0.0.1 ಹಾಕಬೇಡಿ, ಅದೂ ಅವರದ್ದೇ ಅಲ್ವಾ, ಗೂಗಲ್‌ನ 8.8.8.8 ಹಾಕಿ. ನಾನು ಹಾಗೇ ಮಾಡಿದ್ದೇನೆ.

ಚಿಕ್ಕ ಮಕ್ಕಳಿರುವ ಮನೆಗೆ 1.1.1.3 ಒಳ್ಳೆಯದು, ವೈರಸ್ ಸೈಟುಗಳ ಜೊತೆ ದೊಡ್ಡವರ ಸೈಟುಗಳನ್ನೂ ತಡೆಯುತ್ತದೆ. ಅಲ್ಲಿ ಮಾತ್ರ ಎರಡನೇ ನಂಬರ್ 8.8.8.8 ಬೇಡ, ತಡೆ ತಪ್ಪಿಸಿಕೊಳ್ಳುತ್ತದೆ, 1.0.0.3 ಇರಲಿ. ಆಫೀಸ್ ಲ್ಯಾಪ್‌ಟಾಪಿಗೆ ಇದ್ಯಾವುದೂ ಬೇಡ, ಆಫೀಸಿನ ಒಳಗಿನ ಹೆಸರುಗಳು ಆಫೀಸ್ ಡಿಎನ್‌ಎಸ್‌ಗೆ ಮಾತ್ರ ಗೊತ್ತಿರುತ್ತವೆ.

ಹಾಕಿದ ಮೇಲೆ ಬ್ರೌಸರಿನಲ್ಲಿ 1.1.1.1 ಅಂತಲೇ ಟೈಪ್ ಮಾಡಿ. ಅವರ ಪುಟ ಬರಬೇಕು. ಮೋಡೆಮ್‌ನ ಲಾಗಿನ್ ಪುಟ ಬಂದರೆ ಆ ಮೋಡೆಮ್ ಈ ನಂಬರನ್ನು ತನಗೇ ಇಟ್ಟುಕೊಂಡಿದೆ ಅಂತ, ಹಳೆಯ ಕೆಲವು ಡಬ್ಬಗಳಲ್ಲಿ ಹೀಗಿದೆ. ಅಂಥವರು ಮೊದಲ ಜಾಗದಲ್ಲೂ 8.8.8.8 ಹಾಕಿ, ಸುಮ್ನೆ ಒದ್ದಾಡಬೇಡಿ.